ಎತ್ತಿನ ಪಕ್ಕದ ಹೊರಸು

ಮಸ್ಕಿಯಲ್ಲಿ ನಮ್ಮ ಪಕ್ಕದ ಮನೆಯ ದೊಡ್ಡವ್ವ, ಯಾವ ಅಡ್ಡಿ ಬಂದರೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅಂಗೈ ಮಗುಚಿ, "ಹಿಂಗಾಗಲಿಲ್ಲಂದ್ರ ಹಂಗ" ಎನ್ನುತ್ತಿದ್ದಳು.

ನಮ್ಮ ಓಣಿ ಅಶೋಕನ ಶಾಸನವಿರುವ ಗುಡ್ಡದ ಬುಡದಲ್ಲಿತ್ತು. ಎಂಬತ್ತರ ದಶಕದ ಕೊನೆಗೆ ಮಗನ ಮದುವೆ ಗೊತ್ತಾದಾಗ, ಅಂಗಳದಲ್ಲೊಂದು ಕೋಣೆ ಕಟ್ಟಲು ಅವಳು ಕಲ್ಲು ಮಣ್ಣು ತರಿಸಿದಳು. ಶಾಸನದ ಉಸ್ತುವಾರಿಯ ಸಾಹೇಬರು ಬಂದು ತಡೆದರು.

"ಇದು ಸಂರಕ್ಷಿತ ಜಾಗಾ ಐತಿ. ಮನಿ ಗ್ವಾಡಿ ಹೊರಗ ಒಂದು ಕಲ್ಲೂ ಇಡಂಗಿಲ್ಲ."

"ಒಳಗ್ರೀ?"

"ಒಳಗ ನಿನ್ನ ಖುಷಿ, ಯವ್ವಾ."

ನಮ್ಮ ಕಡೆ ತಲಬಾಗಿಲು ದಾಟಿದರೆ ಮೊದಲು ಎತ್ತು ಕಟ್ಟುವ ತಗ್ಗು, ಆಮೇಲೆ ಜನರ ಪಡಸಾಲೆ. ಎತ್ತುಗಳನ್ನು ಹೊರಗೆ ಮಲಗಿಸುವುದೆಂದರೆ ಮನೆಯವರನ್ನೇ ಹೊರಗಟ್ಟಿದಂತೆ. ದೊಡ್ಡವ್ವ ಅದೇ ಮಣ್ಣಿನಿಂದ ತಗ್ಗು ತುಂಬಿಸಿ, ಓಡಾಡಲು ದಾರಿ ಬಿಟ್ಟು, ಅಡ್ಡಗೋಡೆ ಎಬ್ಬಿಸಿದಳು. ಸೊಸೆಗೆ ಕೋಣೆಯಾಯಿತು.

ಮದುವೆ ಮುಗಿದ ಮೇಲೆ ಸಾಹೇಬರು ನೋಡಲು ಬಂದರು. ಅವರು ಕಟ್ಟಬೇಡವೆಂದ ಅಂಗಳದಲ್ಲೇ ಎರಡು ಎತ್ತು ಮೆಲುಕು ಹಾಕುತ್ತಿದ್ದವು. ಪಕ್ಕದಲ್ಲಿ ಮಲಗಲು ಹಗ್ಗ ಹೆಣೆದ ಒಂದು ಹೊರಸು, ಅದರ ಮೇಲೆ ಮಡಿಚಿಟ್ಟ ಕೌದಿ.

"ಎತ್ತೇನೋ ಸರಿ. ಹೊರಸು ಯಾರದು?"

"ನಂದ್ರೀ," ಎಂದು ದೊಡ್ಡವ್ವ ಅಂಗೈ ಮಗುಚಿದಳು. "ಇವು ಎಂದೂ ನಮ್ಮನ್ನ ಬಿಟ್ಟು ಮಲಗಿಲ್ರೀ."