ತಟ್ಟೆ ಒಣಗಿದ್ದ ನಲವತ್ತೊಂಬತ್ತು ದಿನ

ಜೂನ್ ಒಂಬತ್ತು, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ನನ್ನ ನೀರಿನ ಪುಸ್ತಕದ ಮೊದಲ ಸಾಲು ಇದು. ಆಗ ನಾನು ಆರನೇ ತರಗತಿ. ಆ ದಿನಗಳಲ್ಲಿ ಮಂಡ್ಯದ ಗುತ್ತಲಿನ ನಮ್ಮ ಬೀದಿಗೆ ನಲ್ಲಿ ನೀರು ಬರುತ್ತಿದ್ದುದು ಎರಡು ದಿನಕ್ಕೊಮ್ಮೆ. ಬಂತೆಂದರೆ ಮನೆಮನೆಯಲ್ಲೂ ಬಿಂದಿಗೆ ಬಕೆಟ್ಟುಗಳ ಸದ್ದು, ತೊಳೆದ ಸಿಮೆಂಟು ಅಂಗಳದ ವಾಸನೆ. ನಾವು ಹುಡುಗಿಯರು ಅಂಗಳ ಆರುವುದನ್ನೇ ಕಾದು, ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆಯ ಮನೆ ಬರೆದು, ಸ್ಕೂಲಿನ ಹೊತ್ತಾಗುವುದರೊಳಗೆ ಒಂದಾಟ ಮುಗಿಸುತ್ತಿದ್ದೆವು. ಅಂಥ ಬೆಳಗು ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ.

ಅಂದು ಮೇಲಿನ ಮನೆಯ ಲಲಿತಾ ಮಿಸ್ ಮೆಟ್ಟಿಲಿಳಿದು ಬಂದು ಒಂದು ಮಣ್ಣಿನ ಕುಂಡವನ್ನು ನಮ್ಮ ಜಗಲಿಯ ಮೇಲಿಟ್ಟರು. ಒಳಗೆ ಗಿಡ್ಡ ತಳಿಯ ಥೂಜಾ ಗಿಡ. ಎಲೆಗಳು ಅಂಗೈ ಚಾಚಿ ನಿಲ್ಲಿಸಿದ ಹಾಗೆ ಒತ್ತಾಗಿ, ಚಪ್ಪಟೆಯಾಗಿ ಇದ್ದವು. ಎಷ್ಟು ವರ್ಷವಾದರೂ ಅದು ಮೊಣಕಾಲು ದಾಟುವುದಿಲ್ಲವಂತೆ. ಎಲೆ ಉಜ್ಜಿದರೆ ಮಾವಿನ ಸೊನೆಗೆ ನೀಲಗಿರಿ ಎಣ್ಣೆ ಬೆರೆಸಿದಂಥ ಘಾಟು. ಪುಸ್ತಕದ ನಡುವೆ ಇಟ್ಟರೆ ಪಾಠ ತಲೆಗೆ ಹತ್ತುತ್ತದೆ ಎಂದು ನಮ್ಮ ಕ್ಲಾಸಿನಲ್ಲಿ ಎಲ್ಲರೂ ನಂಬಿದ್ದ ಎಲೆ ಅದು. ಮಿಸ್ ಅನ್ನು ಒಂದು ವರ್ಷದ ಮಟ್ಟಿಗೆ ಮಳವಳ್ಳಿಯ ಶಾಲೆಗೆ ಹಾಕಿದ್ದರು. ಅಲ್ಲಿ ಅವರು ಇರಬೇಕಾದ ಅಕ್ಕನ ಮನೆಯಲ್ಲಿ ಎರಡು ಮೇಕೆ.

ಅವರು ಹೇಳಿದ ನಿಯಮ ಒಂದೇ. ದಿನ ಬಿಟ್ಟು ದಿನ ಎರಡು ಲೋಟ ನೀರು. ಕುಂಡದ ಕೆಳಗಿನ ತಟ್ಟೆ ಒದ್ದೆಯಾದರೆ ಗಿಡಕ್ಕೆ ಸಾಕಾಯಿತು ಎಂದು ಅರ್ಥ. ಯುಗಾದಿಗೆ ಬಂದು ತೆಗೆದುಕೊಂಡು ಹೋಗುತ್ತೇನೆ ಎಂದರು. ನಾನು ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದೆ: ತಾರೀಕು, ಗಂಟೆ, ಲೋಟ, ತಟ್ಟೆ. ಜೂನ್ ತಿಂಗಳ ಮೊತ್ತ: ಹನ್ನೊಂದು ಸಲ, ಇಪ್ಪತ್ತೆರಡು ಲೋಟ, ಹನ್ನೊಂದು ಸಲವೂ ತಟ್ಟೆ ಒದ್ದೆ.

ಜುಲೈ ಇಪ್ಪತ್ತೊಂದಕ್ಕೆ ಕೆರಗೋಡಿನಿಂದ ತಾತ ಬಂದರು. ತಾತ ಎಂದರೆ ಅಮ್ಮನ ಅಪ್ಪ. ಕಣ್ಣಿನ ಪೊರೆ ತೆಗೆಸಿದ್ದರು. ಅಮ್ಮ ಆಸ್ಪತ್ರೆಯಲ್ಲಿ ನರ್ಸು. ಹೊತ್ತುಹೊತ್ತಿಗೆ ಹನಿ ಹಾಕಬೇಕೆಂದು ತಾನೇ ಕರೆದುಕೊಂಡು ಬಂದಿದ್ದಳು. ಬಗ್ಗಬಾರದು, ಭಾರ ಎತ್ತಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ತಾತ ನಲವತ್ತು ವರ್ಷ ನೀರುಗಂಟಿಯಾಗಿದ್ದವರು. ಕಾಲುವೆಯ ನೀರನ್ನು ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು ಎಂದು ಊರಿನ ಪರವಾಗಿ ನೋಡಿಕೊಳ್ಳುವ ಕೆಲಸ ಅದು. ಆಸ್ಪತ್ರೆಗೂ ಅವರು ತಮ್ಮ ಬಿದಿರು ಕೋಲು ಬಿಡದೆ ಹಿಡಿದುಕೊಂಡೇ ಬಂದಿದ್ದರು. ಅದರ ತುದಿಯ ಹತ್ತಿರ ಮೂರು ಗೀರುಗಳಿದ್ದವು. ತೂಬಿನ ಬಳಿ ಕೋಲು ಊರಿ, ನೀರು ಯಾವ ಗೀರಿಗೆ ಬಂತು ಎಂದು ನೋಡಿ ಅವರು ಲೆಕ್ಕ ಹಿಡಿಯುತ್ತಿದ್ದರಂತೆ.

ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತ ತಾತನ ಪಕ್ಕಕ್ಕೇ ಥೂಜಾ ಇತ್ತು. ಅವರು ಅದನ್ನು ಕೈಯಿಂದ ಸವರಿ ನೋಡಿದರು.

"ಇದ್ಯಾವ ಗಿಡ್ಡ ಬೆಳೆ ಅಮ್ಮಿ? ತಿನ್ನಕಿಲ್ಲ, ಕುಯ್ಯಕಿಲ್ಲ."

ನೋಡುವುದಕ್ಕೆ ಎಂದೆ. ನನ್ನ ಪುಸ್ತಕವನ್ನೂ ಓದಿ ಹೇಳಿದೆ. ತಾತ ನಕ್ಕರು.

"ಬರ್ದ ನೀರು ಬೇರಿಗಿಳಿಯಕಿಲ್ಲ ಕಣಮ್ಮಿ. ನೀರು ಕೈಲಿರ್ಬೇಕು, ಕಾಗ್ದದಾಗಲ್ಲ. ಉಗಾದಿಗಂಟ ಇದ ಅಸ್ರಾಗಿ ಉಳಿಸ್ಕಂಡ್ರೆ ನನ್ ಕೋಲು ನಿಂಗೇಯ."

ಆ ಕೋಲನ್ನು ಅವರು ಮೊಮ್ಮಕ್ಕಳ ಕೈಗೆ ಆಟಕ್ಕೂ ಕೊಟ್ಟವರಲ್ಲ. ನಾನು ಆ ಮಾತನ್ನು ತಾರೀಕು ಸಮೇತ ಬರೆದು ಅವರ ಹೆಬ್ಬೆಟ್ಟು ಒತ್ತಿಸಿಕೊಂಡೆ.

ಜುಲೈ ಇಪ್ಪತ್ನಾಲ್ಕರಿಂದ ತಟ್ಟೆ ಒದ್ದೆಯಾಗುವುದು ನಿಂತಿತು. ಗಿಡ ಚೆನ್ನಾಗಿ ನೀರು ಕುಡಿಯುತ್ತಿದೆ ಎಂದು ನನಗೆ ಖುಷಿಯೋ ಖುಷಿ. ಮಿಸ್ ಹೇಳಿದ ನಿಯಮದ ಪ್ರಕಾರ ತಟ್ಟೆ ಒಣಗಿದ್ದರೆ ಸಾಲದು ಎಂದು ಅರ್ಥ. ದಿನ ಬಿಟ್ಟು ದಿನ ಹಾಕುತ್ತಿದ್ದವಳು ದಿನವೂ ಹಾಕತೊಡಗಿದೆ. ಆಗಸ್ಟ್ ತಿಂಗಳ ಮೊತ್ತ: ಅರವತ್ತೆರಡು ಲೋಟ. ಕುಂಡದ ಮಣ್ಣಿನ ಮೇಲೆ ತೆಳ್ಳಗೆ ಪಾಚಿ ಕಟ್ಟಿತು. ಗದ್ದೆ ಕಂಡ ನಮ್ಮ ಮನೆಯವರ ಕಣ್ಣಿಗೆ ಅದು ಒಳ್ಳೆಯ ಲಕ್ಷಣವೇ.

ತಿಂಗಳ ಕೊನೆಗೆ ಗೋಡೆಯ ಕಡೆಯ ಎಲೆಗಳು ಕಂದು ಬಣ್ಣಕ್ಕೆ ತಿರುಗಿದವು. ಮುಟ್ಟಿದರೆ ಸೀಗೆಪುಡಿಯ ಹಾಗೆ ಉದುರುತ್ತಿದ್ದವು. ಬಾಯಾರಿ ಹೀಗಾಗಿದೆ, ಇನ್ನೂ ಬಿಡು ಎಂದು ತಾತ. ನಿನ್ನ ಬಿಸಿಲಿನ ಜಾಗವೇ ಸರಿಯಿಲ್ಲ ಎಂದು ಅಮ್ಮ. ಎಲೆ ಕಿತ್ತವರ ಕಣ್ಣು ತಾಗಿದೆ ಎಂದು ಗೆಳತಿಯರು. ನಾನು ಮಾತ್ರ ಸ್ಕೂಲಿನಿಂದ ಬಂದವಳೇ ಸ್ಕೇಲು ಹಿಡಿದು ಕಂದು ಭಾಗ ಅಳೆಯುತ್ತಿದ್ದೆ. ಎರಡು ಇಂಚು, ಮೂರು ಇಂಚು, ನಾಲ್ಕೂವರೆ. ಕೋಲಿನ ಆಸೆ ಬಿಟ್ಟೇಹೋಯಿತು. ಮಿಸ್‌ಗೆ ಯಾವ ಮುಖ ತೋರಿಸಲಿ ಎಂಬುದೊಂದೇ ಯೋಚನೆ.

ಸೆಪ್ಟೆಂಬರ್ ಹನ್ನೊಂದರಂದು ಪುಸ್ತಕವನ್ನು ಮೊದಲಿನಿಂದ ಓದಿದೆ. ಒಂದು ಸಾಲಿಗೆ ಬಂದು ನಿಂತೆ. "ಸೆಪ್ಟೆಂಬರ್ ಎರಡು. ನಾನು ಎರಡು ಲೋಟ, ಗೊತ್ತಿಲ್ಲದೆ ಅಮ್ಮ ಎರಡು, ತಾತ ಒಂದು. ಒಟ್ಟು ಐದು. ತಟ್ಟೆ: ಒಣ." ಬರೆದಾಗ ಹೊಳೆದಿರಲಿಲ್ಲ. ಜೂನ್‌ನಲ್ಲಿ ಎರಡು ಲೋಟಕ್ಕೇ ತಟ್ಟೆ ಒದ್ದೆಯಾಗುತ್ತಿತ್ತು. ಈಗ ಐದಕ್ಕೂ ಒಂದು ಹನಿಯೂ ಇಳಿಯಲಿಲ್ಲವೆಂದರೆ ನೀರು ಎಲ್ಲಿಗೆ ಹೋಯಿತು? ಹಿಂದಕ್ಕೆ ಎಣಿಸಿದೆ. ಒಣ, ಒಣ, ಒಣ, ನಲವತ್ತೊಂಬತ್ತು ದಿನ. ಕೊನೆಯ ಒದ್ದೆ ತಟ್ಟೆ ತಾತ ಬಂದ ಮೂರನೇ ದಿನದ್ದು.

ಅಮ್ಮನನ್ನು ಕರೆದು ಕುಂಡ ಓರೆ ಮಾಡಿಸಿದೆ. ತಳದ ತೂತಿಗೆ ಗೋಣಿಚೀಲದ ಚೂರನ್ನು ಜೇಡಿಮಣ್ಣಿನೊಂದಿಗೆ ಮೆತ್ತಿ, ಹೆಬ್ಬೆರಳಲ್ಲಿ ಒತ್ತಿ, ನಾಜೂಕಾಗಿ ಮುಚ್ಚಲಾಗಿತ್ತು. ಬದುವಿನಲ್ಲಿ ಏಡಿ ಕೊರೆದ ಬಿಲವನ್ನು ಮುಚ್ಚುವ ಕೈಯ ಕೆಲಸ. ಆ ನಲವತ್ತೊಂಬತ್ತು ದಿನದ ಸಾಲುಗಳನ್ನು ತಾತನ ಎದುರು ಕೂತು ಗಟ್ಟಿಯಾಗಿ ಓದಿದೆ. ತಾತ ಕನ್ನಡಕ ತೆಗೆದು ಒರೆಸಿಕೊಂಡರು.

"ನಾನೇ ಕಣಮ್ಮಿ ಮುಚ್ಚಿದ್ದು. ಮೇಲಿಂದ ಬುಟ್ಟ ನೀರು ಕೆಳಗಿಂದ ಸುಮ್ನೆ ಸೋರ್ತಾ ಕೂತಿತ್ತು. ನಲವತ್ ವರ್ಸದಾಗೆ ಒಂದ್ ಬದೀನಾಗೂ ಒಂದ್ ತೂತು ಬುಟ್ಟೋನಲ್ಲ ನಾನು. ಎಂಗ್ ನೋಡ್ಕಂಡ್ ಕೂರ್ಲಿ?"

"ಮತ್ಯಾಕೆ ಇಷ್ಟ್ ದಿನ ಬಾಯ್ಬುಡ್ಲಿಲ್ಲ ತಾತ?"

"ಬಗ್ಗಿದೆ ಅಂದ್ರೆ ನಿಮ್ಮವ್ವ ಸುಮ್ಕಿರ್ತಿದ್ಲಾ?"

ಸುಮ್ಮನಿರಲಿಲ್ಲ. ಗಿಡದ ಮಾತು ಅತ್ತ ಬಿಟ್ಟು, ಆಪರೇಷನ್ ಆದ ಮೂರೇ ದಿನಕ್ಕೆ ಬಗ್ಗಿದ್ದಕ್ಕೆ ಅಮ್ಮ ತಾತನಿಗೆ ಅರ್ಧ ಗಂಟೆ ಪೂಜೆ ಮಾಡಿದಳು. ನಾನು ಪೊರಕೆಕಡ್ಡಿಯಿಂದ ತೂತು ಬಿಡಿಸಿದೆ. ಕಪ್ಪು ನೀರು ಬುಳಬುಳನೆ ಇಳಿಯಿತು, ಕೊಳೆತ ಗದ್ದೆಯ ವಾಸನೆ ಹೊಡೆಯಿತು. ಬೈಗುಳದ ನಡುವೆಯೇ ತಾತ ಮೂಗೆಳೆದುಕೊಂಡರು. ನೀರು ಕಟ್ಟಿ ಬೇರು ಕೊಳೆತದೆ, ಇನ್ನು ಗಿಡ ಕೇಳೋವರೆಗೂ ಹನಿ ಬಿಡಬೇಡ ಎಂದರು.

ಗಿಡ ಕೇಳಿದ್ದು ತಿಳಿಯುವುದು ಹೇಗೆಂದು ಅವರೇ ಕಲಿಸಿದರು. ಪೊರಕೆಕಡ್ಡಿಯನ್ನು ಕುಂಡದ ಆಳಕ್ಕೆ ಚುಚ್ಚಿ ತೆಗೆ. ಮಣ್ಣು ಅಂಟಿ ಬಂದರೆ ಇವತ್ತು ಬೇಡ, ಬರಿ ಕಡ್ಡಿ ಬಂದರೆ ಬಿಡು. ಪುಸ್ತಕದಲ್ಲಿ ನಾನು ಐದನೇ ಗೆರೆ ಎಳೆದು 'ಕಡ್ಡಿ' ಎಂದು ಬರೆದೆ. ಹನ್ನೊಂದು ದಿನ ಕಡ್ಡಿಗೆ ಮಣ್ಣು ಅಂಟಿತು. ಹನ್ನೆರಡನೇ ದಿನ ಬರಿದಾಗಿ ಬಂತು. ಒಂದು ಲೋಟ. ತಟ್ಟೆ: ಒದ್ದೆ. ಅಂದು ಆ ಪದದ ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಅಕ್ಟೋಬರಿನಲ್ಲಿ ತಾತ ಕೆರಗೋಡಿಗೆ ಮರಳಿದರು. ಪ್ರತಿ ಭಾನುವಾರ ಫೋನು. ನನ್ನ ಪುಸ್ತಕಕ್ಕೆ ನಕ್ಕವರು ಈಗ ಊಟ ಆಯಿತಾ ಎಂದು ಕೇಳುವುದಕ್ಕೆ ಮುಂಚೆ ಈ ವಾರ ಎಷ್ಟು ಲೋಟ ಎಂದು ಕೇಳುತ್ತಿದ್ದರು. ಆಲೆಮನೆಗಳ ಬೆಲ್ಲದ ವಾಸನೆ ಗಾಳಿಯಲ್ಲಿ ಬರುವ ಚಳಿಗಾಲದಲ್ಲಿ ನಾಲ್ಕು ದಿನಕ್ಕೆ ಒಂದು ಲೋಟ ಸಾಕಾಯಿತು. ಸಂಕ್ರಾಂತಿಯ ಎಳ್ಳುಬೆಲ್ಲ ಬೀರಿ ಬಂದ ಸಂಜೆ ಗಿಡ ನೋಡಿದರೆ ಕಂದು ಭಾಗ ಐದು ಇಂಚಿಗೆ ನಿಂತಿತ್ತು; ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ. ಮಾರ್ಚಿನ ಬಿಸಿಲಿಗೆ ಕಡ್ಡಿ ದಿನಾ ಬರಿದು. ನಲ್ಲಿ ನಾಲ್ಕು ದಿನಕ್ಕೊಮ್ಮೆಯಾದಾಗ ನನ್ನ ಸ್ನಾನದಲ್ಲಿ ಎರಡು ಚೊಂಬು ಕಡಿಮೆ ಮಾಡಿ ಗಿಡದ ಪಾಲು ತೆಗೆದಿಟ್ಟೆ.

ಯುಗಾದಿ ಬೆಳಿಗ್ಗೆ, ಎಂಟೂ ಹತ್ತು. ಮಿಸ್ ಮಳವಳ್ಳಿ ಬಸ್ಸಿಳಿದು ಬಂದರು, ಅವರ ಹಿಂದೆಯೇ ಕೆರಗೋಡಿನ ಬಸ್ಸಿನಿಂದ ತಾತ. ಥೂಜಾದ ತುದಿತುದಿಯಲ್ಲೂ ಎಳೆ ಹಸಿರು ಚಿಗುರು. ಎಣಿಸಿದ್ದೆ, ನೂರ ಮೂವತ್ತೇಳು. ಮಿಸ್ ಸುತ್ತಲೂ ತಿರುಗಿ, ಗೋಡೆಯ ಕಡೆಯ ಬೋಳನ್ನು ನೋಡಿ ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ತಾತ ಹೇಳಿದರು.

"ಅದ ಕೆಡಿಸ್ದೋನು ನಾನು ಕಣವ್ವ, ನೀರುಗಂಟಿ. ಮಿಕ್ಕಿದ್ದ ಉಳಿಸ್ದೋಳು ಇವ್ಳು."

ಕೋಲನ್ನು ನನ್ನ ಎರಡೂ ಕೈಯ ಮೇಲಿಟ್ಟರು. ಮಿಸ್ ನನ್ನ ಪುಸ್ತಕ ಪೂರ್ತಿ ಓದಿ, ಗಿಡವನ್ನು ವಾಪಸು ಕೇಳದೆ ನಮ್ಮ ಜಗಲಿಯಲ್ಲೇ ಬಿಟ್ಟರು. ಬೀದಿಯ ಕೊನೆಯವರೆಗೆ ಆ ಕೋಲು ಹಿಡಿದು ನಡೆದು ಬಂದೆ. ಅಷ್ಟು ಎತ್ತರವಾಗಿ ನಾನು ಮತ್ತೆಂದೂ ನಡೆದಿಲ್ಲ.

ಗೀರುಗಳ ಅರ್ಥ ತಾತ ಅವತ್ತೇ ಹೇಳತೊಡಗಿದರು. ಕೆಳಗಿನದು ಸಸಿ ಬೆಳೆಸುವ ಒಟ್ಲು ಪಾತಿಗೆ ಬಿಡುವ ನೀರು, ನಡುವಿನದು ನಾಟಿ ಗದ್ದೆಗೆ. ಅಷ್ಟರಲ್ಲಿ ಅಮ್ಮ ಒಬ್ಬಟ್ಟಿಗೆ ಕರೆದಳು. "ಮೂರ್ನೇದ ಉಂಡ್ಮ್ಯಾಲೆ ಏಳ್ತೀನಿ" ಎಂದರು. ಉಂಡ ಮೇಲೆ ತಾತ ಮಲಗಿದರು, ನಾನು ಆಡಲು ಓಡಿದೆ. ಆಮೇಲೆ ಎಷ್ಟು ಭಾನುವಾರ ಫೋನು ಮಾಡಿದರೂ ಅದನ್ನು ಕೇಳುವುದು ನೆನಪಾಗಲಿಲ್ಲ.

ಈಗ ನಾನು ಮದ್ದೂರಿನ ಒಂದು ಔಷಧಿ ಅಂಗಡಿಯಲ್ಲಿ ದಾಸ್ತಾನು ಬರೆಯುತ್ತೇನೆ. ತಾತ ಹೋಗಿ ನಾಲ್ಕು ವರ್ಷ. ಅವರು ನಿಲ್ಲುತ್ತಿದ್ದ ತೂಬಿಗೆ ಕಬ್ಬಿಣದ ಬಾಗಿಲು ಬಂದಿದೆ. ಕೋಲು ಊರಿ ನೋಡುವವರು ಯಾರೂ ಇಲ್ಲ. ಥೂಜಾ ಇನ್ನೂ ನನ್ನ ಮೊಣಕಾಲು ದಾಟಿಲ್ಲ. ಮೊನ್ನೆ ಸ್ಕೇಲು ಹಿಡಿದು ಬೋಳು ಭಾಗ ಅಳೆದೆ: ಅದೇ ಐದು ಇಂಚು. ಅಲ್ಲಿ ಮತ್ತೆ ಚಿಗುರಲಿಲ್ಲ. ಅಕ್ಕಪಕ್ಕದ ಹಸಿರು ಬೆಳೆದು ಅದನ್ನು ಮುಚ್ಚಿದೆ, ಅಷ್ಟೇ. ಇವತ್ತಿನ ತಟ್ಟೆ: ಒದ್ದೆ.

ಇದುವರೆಗಿನ ನನ್ನ ಏಳು ನೀರಿನ ಪುಸ್ತಕಗಳಲ್ಲಿ ಒಂದೇ ಒಂದು ಮನೆ ಖಾಲಿ ಉಳಿದಿದೆ. ಕೆರಗೋಡು, ದುದ್ದದ ಕಡೆ ನೀರುಗಂಟಿಗಳ ಮನೆಯವರು ಯಾರಾದರೂ ಇದನ್ನು ಓದಿದರೆ, ಕೋಲಿನ ಮೂರನೇ ಗೀರು ಯಾವ ನೀರಿನದು ಎಂದು ನಿಮಗೆ ಗೊತ್ತಿದ್ದರೆ, ದಯವಿಟ್ಟು ಬರೆದು ತಿಳಿಸಿ. ಬಂದ ತಾರೀಕು, ಗಂಟೆ ಹಾಕಿ ತುಂಬಿಕೊಳ್ಳುತ್ತೇನೆ.