ಪುಟಸಂಖ್ಯೆ ಇಲ್ಲದ ಪುಸ್ತಕ

ಗ್ರಂಥಾಲಯದ ಹರಿದ ಪುಸ್ತಕಗಳನ್ನು ನಲವತ್ತು ವರ್ಷಗಳಿಂದ ಹೊಲಿದುಕೊಡುತ್ತಿದ್ದವಳು ಅಂಟಜ್ಜಿ. ಬೆರಳ ಸಂದಿಯಲ್ಲಿ ಸದಾ ಅಂಟು ಇರುತ್ತಿದ್ದುದರಿಂದ ಮಕ್ಕಳು ಇಟ್ಟ ಹೆಸರು ಅದು. ಅವಳಿಗಿದ್ದ ಒಂದೇ ಕೊರಗು ಹತ್ತು ವರ್ಷದ ಮೊಮ್ಮಗಳು. ಮನೆ ತುಂಬ ಪುಸ್ತಕವಿದ್ದರೂ ಹುಡುಗಿ ಜಪ್ಪಯ್ಯ ಎಂದರೂ ಒಂದನ್ನೂ ಓದುತ್ತಿರಲಿಲ್ಲ. ಮುದ್ದು ಮಾಡಿದ್ದಾಯಿತು, ಗದರಿದ್ದಾಯಿತು. ತಾನು ಕಣ್ಣು ಮುಚ್ಚಿದ ಮಾರನೆಯ ದಿನವೇ ಇವಳು ಎಲ್ಲವನ್ನೂ ರದ್ದಿಗೆ ಹಾಕುತ್ತಾಳೆ ಎಂದು ಅಜ್ಜಿ ನಿಜವಾಗಿಯೂ ಹೆದರಿದ್ದಳು.

ಅಜ್ಜಿಗೆ ಕಣ್ಣಿನ ಆಪರೇಷನ್ ಆದ ತಿಂಗಳೇ ಒಂದು ಹಳೆಯ ಕಥೆಪುಸ್ತಕ ಬಂತು. ಹಾಳೆಗಳೆಲ್ಲ ಚೆಲ್ಲಾಪಿಲ್ಲಿ, ಪುಟಸಂಖ್ಯೆಯಿದ್ದ ಮೂಲೆಗಳನ್ನು ಇಲಿ ತಿಂದಿತ್ತು. ಪುಸ್ತಕದ ಮೇಲೆ ಆ ಇಲಿಗಿದ್ದಷ್ಟು ಆಸೆಯೂ ಹುಡುಗಿಗೆ ಇರಲಿಲ್ಲ. ಆದರೆ ಸಂಖ್ಯೆಯಿಲ್ಲದ ಮೇಲೆ ಓದಿಯೇ ಜೋಡಿಸಬೇಕು, ಅಜ್ಜಿ ಓದುವಂತಿಲ್ಲ. ಕೆಲಸ ಮೊಮ್ಮಗಳ ತಲೆಗೆ ಬಿತ್ತು.

ಅವಳು ಮೂಗು ಮುರಿಯುತ್ತಲೇ ಕೂತಳು. ಅಣ್ಣ ತಂಗಿ ದೋಣಿ ಕದಿಯುವ ಹಾಳೆ ಮೊದಲೋ, ಜಗಳವಾಡುವ ಹಾಳೆ ಮೊದಲೋ ಎಂದು ಗೊಣಗಿದಳು. ಮೂರನೆಯ ದಿನ ಅಜ್ಜಿ ಊಟಕ್ಕೆ ನಾಲ್ಕು ಸಲ ಕರೆದರೂ ಅವಳಿಗೆ ಕೇಳಿಸಲಿಲ್ಲ. ಐದನೆಯ ಸಲ ಕರೆಯುವ ಧೈರ್ಯವನ್ನು ಅಜ್ಜಿ ಮಾಡಲಿಲ್ಲ.

ಕೊನೆಗೆ ನೋಡಿದರೆ ನಡುವಿನ ಒಂದು ಹಾಳೆಯೇ ಇಲ್ಲ. ಒಂದು ಪುಟದಲ್ಲಿ ದೋಣಿ ಮುಳುಗುತ್ತಿದೆ, ಮುಂದಿನದರಲ್ಲಿ ತಂಗಿ ದಡದಲ್ಲಿ ಒಬ್ಬಳೇ ಅಳುತ್ತಿದ್ದಾಳೆ. ಇಂಥ ಕಡೆ ಖಾಲಿ ಹಾಳೆ ಸೇರಿಸುವುದು ರೂಢಿ ಎಂದಳು ಅಜ್ಜಿ.

"ಏನಾಯ್ತು ಅಂತ ಗೊತ್ತಾಗದೆ ಹೇಗೆ ಹೊಲೀತೀಯ?" ಎಂದಳು ಹುಡುಗಿ.

ಪುಸ್ತಕದ ಹಿಂದಿನ ಚೀಟಿಯಲ್ಲಿ ಒಯ್ದವರ ಹೆಸರುಗಳಿದ್ದವು. ಒಂದು, ಬೀದಿ ಮೂಲೆಯ ಬೀಗ ರಿಪೇರಿಯವನದು. ಮೂವತ್ತು ವರ್ಷದ ಹಿಂದಿನದು. ಹುಡುಗಿ ಅಜ್ಜಿಯನ್ನು ಎಳೆದುಕೊಂಡೇ ಅವನ ಅಂಗಡಿಗೆ ಹೋದಳು.

ಅವನು ಕೈಯಲ್ಲಿದ್ದ ಬೀಗ ಕೆಳಗಿಟ್ಟ. ಹಲಗೆ ಒಬ್ಬರನ್ನಷ್ಟೇ ತಾಳುತ್ತಿತ್ತು, ಅಣ್ಣ ಕೈ ಬಿಟ್ಟ, ಬಿಡುವ ಮುಂಚೆ ತಂಗಿಗೆ ಏನೆಂದ ಎನ್ನುವುದನ್ನೆಲ್ಲ ನಿನ್ನೆ ಓದಿದವನ ಹಾಗೆ ಹೇಳಿದ. ಅಜ್ಜಿಗೆ ಮೈ ಝುಮ್ಮೆಂದಿತು. ತಾನು ಹೊಲಿದವು ಹೀಗೆ ಎಷ್ಟು ಜನರೊಳಗೆ ಕೂತಿವೆಯೋ ಎಂದು, ಬೀದಿಯಲ್ಲಿ ಹೋಗುವವರನ್ನೆಲ್ಲ ಮಸುಕು ಕಣ್ಣಿಂದಲೇ ಬೆರಗಾಗಿ ನೋಡಿದಳು.

ಹುಡುಗಿ ಅವನ ಮಾತನ್ನು ಖಾಲಿ ಹಾಳೆಯ ಮೇಲೆ ದುಂಡಗೆ ಬರೆದಳು. ಅಜ್ಜಿ ಕೈಯ ಅಭ್ಯಾಸದಿಂದಲೇ ಹೊಲಿದು, ರಟ್ಟು ಹಾಕಿ, ಒಣಗಿದ ಮೇಲೆ ಗ್ರಂಥಾಲಯಕ್ಕೆ ಕೊಡಲು ಹೊರಟಳು.

"ಇವತ್ತು ಬೇಡ ಅಜ್ಜಿ."

"ಯಾಕೆ? ನೀನು ಓದಿ ಆಯ್ತಲ್ಲ."

"ಜೋಡಿಸಿದ್ದು ಅಷ್ಟೆ. ಇನ್ನು ಓದ್ಬೇಕು," ಎಂದು ಹುಡುಗಿ ಪುಸ್ತಕಕ್ಕೆ ಕೈ ಚಾಚಿದಳು.