ಹೊಸತೊಡಕಿಗೆ ನಾಲ್ಕು ಎಲೆ

ಕೆ.ಆರ್. ನಗರದ ನನ್ನ ಕಂಪ್ಯೂಟರ್ ಅಂಗಡಿಯ ಮೆಟ್ಟಿಲು ಹತ್ತಿ ಬಂದ ಗೌರಮ್ಮನವರು ಬುಟ್ಟಿ ಇಳಿಸಿ, ನೆಲದ ಮೇಲೆ ನಾಲ್ಕು ಬಾಳೆಎಲೆ ಹಾಸಿದರು. ಚುಂಚನಕಟ್ಟೆ ಕಡೆಯ ಹಳ್ಳಿಯೊಂದರ ಹಾಲಿನ ಡೈರಿಯ ಕಾರ್ಯದರ್ಶಿ ಅವರು. ಅವತ್ತು ಯುಗಾದಿಯ ಮರುದಿನ, ಹೊಸತೊಡಕು. ಮನೆಮನೆಯಲ್ಲೂ ಬಾಡೂಟ.

“ಹಬ್ಬಕ್ಕೂ ಊರ್ಗೋಗ್ದೆ ನಾಕ್ ಜನ ನಮ್ ಡೈರಿ ಕೆಲ್ಸಕ್ಕೇ ಕೂತವ್ರೆ ಅಂತ ನೆನ್ನೆ ನಿಮ್ ಮಂಜು ಪೋನಲ್ಲಿ ಅಂದ್ರು ಕಣ್ರೀ. ಮನ್ಸು ತಡೀಲಿಲ್ಲ. ಕರೀರಿ ಎಲ್ರುನೂ,” ಎಂದರು.

ಮಂಜು ನಾನೇ. ಡೈರಿಗೆ ಹಾಲಿನ ಲೆಕ್ಕದ ಪ್ರೋಗ್ರಾಂ ಬರೆಯುವವನೂ, ಅಂಗಡಿಯ ಕಸ ಗುಡಿಸುವವನೂ ನಾನೊಬ್ಬನೇ. ಒಬ್ಬನದೇ ಕಂಪನಿ ಎಂದರೆ ಯಾರೂ ನಂಬುವುದಿಲ್ಲವೆಂದು ಫೋನಿನಲ್ಲಿ ದನಿ ಬದಲಿಸಿ, ಈ ಮಂಜುವೂ ಸೇರಿ ಇನ್ನೂ ಮೂವರಾಗುತ್ತಿದ್ದೆ. ‘ಅವರೆಲ್ಲ ಈಗಷ್ಟೇ ಮೈಸೂರಿಗೆ ಹೋದರು’ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರ ಕಣ್ಣು ಅಲ್ಲಿದ್ದ ಒಂದೇ ಕುರ್ಚಿಯನ್ನು, ಬಾಗಿಲ ಬಳಿಯ ಒಂದೇ ಜೊತೆ ಚಪ್ಪಲಿಯನ್ನು ನೋಡಿಯಾಗಿತ್ತು. ನನ್ನ ಕಿವಿ ಬಿಸಿಯಾಯಿತು.

ಅವರು ಬೈಯಲಿಲ್ಲ. ಮೂರು ಎಲೆಗಳನ್ನು ಮಡಿಸಿ ಬುಟ್ಟಿಗೆ ಹಾಕಿದರು. ಉಳಿದ ಒಂದಕ್ಕೆ ಮುದ್ದೆ ಇಟ್ಟು, ಬಾಡಿನ ಸಾರು ಬಿಡುತ್ತಾ ಹೇಳಿದರು: “ನಾನೊಬ್ನೇ ಅಂದಿದ್ರೆ ನಾವೇನ್ ಬ್ಯಾಡ ಅಂತಿದ್ವಾ? ಉಣ್ಣಿ, ಆರೋಯ್ತದೆ.”

ತಲೆ ಎತ್ತದೆ ಉಂಡೆ.

ಮರುದಿನ ಡೈರಿಯಿಂದ ಗೌರಮ್ಮನವರ ಫೋನ್ ಬಂದಾಗ, ಅಭ್ಯಾಸಬಲದಿಂದ ಮಂಜುವಿನ ದನಿಯೇ ಗಂಟಲಿಗೆ ಬಂತು. ಅದನ್ನು ನುಂಗಿಕೊಂಡು, “ನಾನೇ, ಗೌರಮ್ಮನವರೇ,” ಎಂದೆ. ಅಷ್ಟು ಹೇಳುವಷ್ಟರಲ್ಲಿ ಕಿವಿ ಮತ್ತೆ ಬಿಸಿಯಾಗಿತ್ತು.